ಹಾಡಿನ ಕೊನೆಯಲ್ಲೇ ವಿಳಾಸವಿದೆ, ಹೋಗೋರು ಯಾರು?

ಕನಕದಾಸರ ಕೀರ್ತನೆ ಮುಗಿಯೋದು ಕಾಗಿನೆಲೆಯ ಆದಿಕೇಶವನ ಹೆಸರಿನಲ್ಲಿ. ಶರೀಫಜ್ಜನ ತತ್ವಪದ ಮುಗಿಯೋದು ಶಿಶುನಾಳಧೀಶನ ಹೆಸರಿನಲ್ಲಿ. ಕಾಗಿನೆಲೆ ಇರೋದು ಬ್ಯಾಡಗಿ ತಾಲ್ಲೂಕಿನಲ್ಲಿ, ಶಿಶುನಾಳ ಶಿಗ್ಗಾವಿ ತಾಲ್ಲೂಕಿನಲ್ಲಿ. ಎರಡೂ ಹಾವೇರಿ ಜಿಲ್ಲೆಯವೇ. ಅಂದರೆ ನಾವು ಶಾಲೆಯ ದಿನಗಳಿಂದ ಕೇಳಿದ ಹಾಡುಗಳಲ್ಲೇ ಊರಿನ ವಿಳಾಸ ಬರೆದಿದೆ! ಆದರೂ ಬೆಂಗಳೂರಿನ ಟೆಕ್ಕಿಗಳ ವೀಕೆಂಡ್ ಪಟ್ಟಿಯಲ್ಲಿ ಕೊಡಗು, ಚಿಕ್ಕಮಗಳೂರು, ಗೋಕರ್ಣ... ಅಷ್ಟೇ. ಹಾವೇರಿ ಅಂದರೆ ಹುಬ್ಬಳ್ಳಿಗೆ ಹೋಗುವಾಗ ದಾರಿಯಲ್ಲಿ ಸಿಗುವ ಊರು.

ಅಮೆರಿಕದಲ್ಲಿರುವ ನನ್ನ ಕಾಲೇಜು ಗೆಳೆಯರು ಆರ್‌ವಿ ಬಾಡಿಗೆಗೆ ಹಿಡಿದು, ಅದರಲ್ಲೇ ಅಡುಗೆ ಮಾಡಿ, ಅದರಲ್ಲೇ ಮಲಗಿ, ನ್ಯಾಶ್‌ವಿಲ್‌ಗೆ ಹೋಗಿಬರುತ್ತಾರೆ. ಅದು ಕಂಟ್ರಿ ಸಂಗೀತದ ಊರು. 1925ರಲ್ಲಿ ಶುರುವಾದ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ರೇಡಿಯೋ ಕಾರ್ಯಕ್ರಮ ಅಲ್ಲಿ ಇವತ್ತಿಗೂ ನಡೆಯುತ್ತಿದೆ. ಜನ ಹೋಗೋದು ಹಾಡು ಕೇಳಲಿಕ್ಕೆ. ನನ್ನ ತಕರಾರು ಇರೋದು ಇಲ್ಲೇ. ನಮ್ಮಲ್ಲಿ 'ನೋಡುವ ಸ್ಥಳ'ಗಳ ಪಟ್ಟಿ ಇದೆ, 'ಕೇಳುವ ಸ್ಥಳ'ಗಳ ಪಟ್ಟಿ ಇಲ್ಲ.

ಕಳೆದ ಚಳಿಗಾಲದಲ್ಲಿ ನಾವು ಐದು ಜನ ಒಂದು ಟಿಟಿ ಮಾಡಿಕೊಂಡು, ಹಾಸಿಗೆ, ಗ್ಯಾಸ್ ಸ್ಟೋವ್ ತುಂಬಿಕೊಂಡು ಹೊರಟೆವು. (ಬಡವರ ಆರ್‌ವಿ ಅನ್ನಿ :-) ) ರಾಣೆಬೆನ್ನೂರು ಹತ್ತಿರದ ದೇವರಗುಡ್ಡದಲ್ಲಿ ಗೊರವರ ಡಮರುಗ ಕೇಳಿದೆವು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಗೆ ಸೀನುತ್ತಾ ಕಾಗಿನೆಲೆಗೆ ಹೋದೆವು. ಹಾವೇರಿ ದಾಟಿ, ರಾತ್ರಿ ಶಿಗ್ಗಾವಿ ಕಡೆಯ ಒಂದು ಹಳ್ಳಿಯ ಗುಡಿ ಮುಂದೆ ಗಾಡಿ ನಿಲ್ಲಿಸಿದೆವು. ಊಟ ಮುಗಿದ ಮೇಲೆ, ಹತ್ತು ಗಂಟೆಗೆ ಭಜನೆ ಶುರು. ಪೇಟಿ, ತಬಲಾ, ತಾಳ, ದಮ್ಮಡಿ. ಹಾಡಿದವರೆಲ್ಲ ಹಗಲು ಹೊಲದಲ್ಲಿ ದುಡಿದು ಬಂದವರು.

ನಮ್ಮ ತಲೆಮಾರಿಗೆ ಶರೀಫರನ್ನು ತಲುಪಿಸಿದ್ದು ಸಿ. ಅಶ್ವತ್ಥ್ ದನಿ ಮತ್ತು 1990ರ ನಾಗಾಭರಣರ ಸಿನಿಮಾ. ಅದರಲ್ಲಿ ಎರಡು ಮಾತಿಲ್ಲ. ಆದರೆ ಶರೀಫರು ತೀರಿಕೊಂಡಿದ್ದು 1889ರಲ್ಲಿ. ಕ್ಯಾಸೆಟ್ಟು ಬರುವ ತನಕ ಆ ಪದಗಳನ್ನು ಕಾಪಾಡಿಕೊಂಡು ಬಂದಿದ್ದು ಇಂಥ ಭಜನೆಯವರೇ. ಗುಡಿಯಲ್ಲಿದ್ದ ಅಜ್ಜರೊಬ್ಬರು ಹೇಳಿದರು: "ಕ್ಯಾಸೆಟ್ಟಿನ್ಯಾಗ ಐದು ನಿಮಿಷಕ್ಕ ಪದಾ ಮುಗೀತೈತಿ ತಮ್ಮಾ. ಇಲ್ಲಿ ಒಂದೊಂದು ನುಡಿಗೇ ಅಷ್ಟು ಹೊತ್ತು ಬೇಕು."

ಈ ಸಂಗೀತ ಬದುಕಿರೋದೇ ರಾತ್ರಿ ಹೊತ್ತು. ಸಂಜೆ ಆರಕ್ಕೆ ಹಾವೇರಿಯ ಲಾಡ್ಜಿಗೆ ವಾಪಸ್ಸಾಗುವ ಪ್ರವಾಸಿಗೆ ಗದ್ದುಗೆ ಕಾಣುತ್ತದೆ, ಪದ ಕೇಳಿಸೋದಿಲ್ಲ. ಹಾಗಾಗಿ ಮಲಗುವ ಗಾಡಿ ಇಲ್ಲಿ ಶೋಕಿಯಲ್ಲ, ಅಗತ್ಯ. ಅದಕ್ಕೆ ರೆಸಾರ್ಟ್ ಬೇಡ. ಗಾಡಿ ನಿಲ್ಲಿಸಲು ಜಾಗ, ನೀರು, ಶೌಚಾಲಯ, ಒಂದು ಪ್ಲಗ್ ಪಾಯಿಂಟ್ ಸಾಕು. 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯ ಅಲ್ಲೇ ಗೊಟಗೋಡಿಯಲ್ಲಿದೆ. ಯಾವ ಊರಲ್ಲಿ ಯಾವ ರಾತ್ರಿ ಭಜನೆ ಅಂತ ಅದು ಒಂದು ಕ್ಯಾಲೆಂಡರ್ ಮಾಡಲಿ.

"ಪ್ರವಾಸಿಗರು ನುಗ್ಗಿದರೆ ಭಜನೆ ಕೆಡುತ್ತೆ" ಅನ್ನಬಹುದು. ನಿಜ, ನಮಗಾಗಿ ಸ್ಟೇಜ್ ಹಾಕಿ "ಒಂದೇ ಪದ ಹಾಡಿ, ವಿಡಿಯೋ ಮಾಡ್ಕೋತೀವಿ" ಅಂದರೆ ಖಂಡಿತ ಕೆಡುತ್ತೆ. ಅವರ ಹೊತ್ತಿಗೆ ಹೋಗಿ, ಅವರ ಚಾಪೆ ಮೇಲೆ ಕೂತು, ಬೆಳಗಾದ ಮೇಲೆ ಏಳಬೇಕು. ಮಾಲ್‌ನ ಸಿನಿಮಾಕ್ಕೆ ಕೊಡುವಷ್ಟು ದುಡ್ಡನ್ನು ತಲೆಗೊಬ್ಬರಂತೆ ಭಜನಾ ಮೇಳಕ್ಕೆ ಕೊಡಬೇಕು. ಅದು ದಾನವಲ್ಲ, ಟಿಕೆಟ್ಟು.

ಏನಂತೀರಿ? ನಿಮ್ಮ ಕಡೆ ಇಂಥ 'ಕೇಳುವ ಊರು' ಯಾವುದಿದೆ? ಹೇಳಿ, ಟಿಟಿ ರೆಡಿ ಇದೆ.