ತಾರೀಖಿಗೊಬ್ಬ ಸಂತ

ನವೆಂಬರ್ ಒಂದರಂದು ಅನ್ನಪೂರ್ಣೇಶ್ವರಿ ನಗರದಲ್ಲಿ ಕೆಂಪು-ಹಳದಿ ಬಾವುಟ ಏರುತ್ತದೆ, ಧ್ವನಿವರ್ಧಕ ಹಾಡುತ್ತದೆ. 1956ರಲ್ಲಿ ಕನ್ನಡ ನಾಡು ಒಂದಾದ ದಿನ ಅದು. ಕ್ಯಾಥೊಲಿಕ್ ಮನೆಯ ಕ್ಯಾಲೆಂಡರಿನಲ್ಲಿ ಅದೇ ಚೌಕದೊಳಗೆ ಇನ್ನೊಂದು ಹಬ್ಬವೂ ಅಚ್ಚಾಗಿರುತ್ತದೆ: ಸಕಲ ಸಂತರ ಹಬ್ಬ. ಮರುದಿನ ತೀರಿಕೊಂಡವರೆಲ್ಲರ ಸ್ಮರಣೆ. ಸಮಾಧಿ ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ಮಹಾಲಯ ಅಮಾವಾಸ್ಯೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂತರ ಹಬ್ಬವೆಂದರೆ ಸಾಮಾನ್ಯವಾಗಿ ಅವರು ಹುಟ್ಟಿದ ದಿನವಲ್ಲ, ಕಣ್ಣು ಮುಚ್ಚಿದ ದಿನ. ಸ್ವರ್ಗದಲ್ಲಿ ಹುಟ್ಟಿದ ದಿನ ಎಂದು ಚರ್ಚು ಅದನ್ನು ಕರೆಯುತ್ತದೆ. ಮಂತ್ರಾಲಯದ ರಾಯರ ಆರಾಧನೆಯಂತೆಯೇ ಎನ್ನಿ. ವ್ಯತ್ಯಾಸವಿರುವುದು ಲೆಕ್ಕದಲ್ಲಿ. ಆರಾಧನೆ, ಜಯಂತಿಗಳು ತಿಥಿಯನ್ನು ಹಿಡಿದು ಬರುತ್ತವೆ. ಕನಕ ಜಯಂತಿ ಕಾರ್ತಿಕ ಬಹುಳ ತದಿಗೆಗೆ ಅಂಟಿಕೊಂಡಿರುವುದರಿಂದ 2023ರಲ್ಲಿ ನವೆಂಬರ್ 30ಕ್ಕೆ, 2024ರಲ್ಲಿ 18ಕ್ಕೆ, 2025ರಲ್ಲಿ 8ಕ್ಕೆ ಬಂತು. ಸಂತ ಆಂಡ್ರೂ ಮಾತ್ರ ಯಾವ ವರ್ಷವೂ ನವೆಂಬರ್ 30 ಬಿಟ್ಟು ಕದಲುವುದಿಲ್ಲ. ಅಲ್ಲಿ ಚಂದ್ರನ ಗೊಡವೆಯಿಲ್ಲ, ಸೂರ್ಯನ ಲೆಕ್ಕವೊಂದೇ.

ಆ ಸೂರ್ಯನ ಲೆಕ್ಕವೂ ಒಮ್ಮೆ ಹಳಿ ತಪ್ಪಿತ್ತು. ಜೂಲಿಯನ್ ಕ್ಯಾಲೆಂಡರಿನ ವರ್ಷ 365.25 ದಿನ, ಋತುಗಳ ನಿಜವಾದ ವರ್ಷ 365.2422 ದಿನ. ವ್ಯತ್ಯಾಸ ಹನ್ನೊಂದು ನಿಮಿಷದಷ್ಟು. ಬಸ್ಸಿಗೆ ಕಾಯುವವರಿಗೆ ಅದು ಲೆಕ್ಕಕ್ಕಿಲ್ಲ. ಆದರೆ 128 ವರ್ಷಕ್ಕೆ ಅದು ಒಂದು ದಿನವಾಗುತ್ತದೆ. ಪೋಪ್ ಹದಿಮೂರನೇ ಗ್ರೆಗರಿ 1582ರಲ್ಲಿ ಹತ್ತು ದಿನಗಳನ್ನು ಕಿತ್ತುಹಾಕಿಸಿದರು. ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15. ಸ್ಪೇನಿನ ಆವಿಲದ ಸಂತ ತೆರೇಸಾ ಪ್ರಾಣಬಿಟ್ಟದ್ದು ಸರಿಯಾಗಿ ಆ ರಾತ್ರಿ! ನಾಲ್ಕನೇ ತಾರೀಖು ತೀರಿಕೊಂಡವರನ್ನು ಮರುದಿನವೇ, ಹದಿನೈದರಂದು, ಮಣ್ಣು ಮಾಡಿದರು. ಆಕೆಯ ಹಬ್ಬ ಅಕ್ಟೋಬರ್ 15. ಎಂಟನೇ ತರಗತಿಯ ಮಕ್ಕಳಿಗೆ ಕ್ಯಾಲೆಂಡರ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಕರ್ನಾಟಕದ ಕ್ಯಾಥೊಲಿಕರಿಗೆ ಈ ಋತುವಿನ ದೊಡ್ಡ ಸಂತ ಫ್ರಾನ್ಸಿಸ್ ಕ್ಸೇವಿಯರ್. ಬೆಂಗಳೂರು ಮಹಾಧರ್ಮಪ್ರಾಂತ್ಯದ ಪ್ರಧಾನ ಚರ್ಚು ಇವರ ಹೆಸರಿನದೇ. 1542ರಲ್ಲಿ ಗೋವಾಕ್ಕೆ ಬಂದು, ಜಪಾನಿನವರೆಗೂ ಸುತ್ತಿ, ಚೀನಾದ ಬಾಗಿಲಲ್ಲಿ, ಶಾಂಗ್‌ಚುವಾನ್ ದ್ವೀಪದಲ್ಲಿ, 1552ರ ಡಿಸೆಂಬರ್ 3ರಂದು ತೀರಿಕೊಂಡರು. ಹಳೆ ಗೋವಾದಲ್ಲಿ ನವೆಂಬರ್ 24ರಿಂದಲೇ ಒಂಬತ್ತು ದಿನಗಳ ಪ್ರಾರ್ಥನೆ ಆರಂಭ. ಹತ್ತು ವರ್ಷಕ್ಕೊಮ್ಮೆ ನಡೆಯುವ ದೇಹದರ್ಶನ ಕಳೆದ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು.

ಮೂಳೆ ಮಾತ್ರ ಉಳಿಯಲಿ, ಸಾಗಿಸಲು ಸುಲಭ ಎಂದು ಅವರ ಶವಪೆಟ್ಟಿಗೆಗೆ ಸುಣ್ಣ ತುಂಬಿದ್ದರಂತೆ. 1553ರ ಫೆಬ್ರವರಿಯಲ್ಲಿ ತೆಗೆದು ನೋಡಿದರೆ ದೇಹ ಕೆಟ್ಟಿರಲಿಲ್ಲ. ಭಕ್ತರಿಗೆ ಇದು ಪವಾಡ. ಇತ್ತ, ಸುಣ್ಣ ಶವವನ್ನು ಬೇಗ ಕರಗಿಸುತ್ತದೆಂಬ ಹಳೆಯ ನಂಬಿಕೆಯೇ ತಪ್ಪು, ಅದು ಕೊಳೆಯುವುದನ್ನು ನಿಧಾನಿಸುತ್ತದೆ ಎಂದು ಹಂದಿಗಳ ಶವ ಹೂತು ನಡೆಸಿದ ಪ್ರಯೋಗಗಳು ತೋರಿಸಿವೆ. ಎರಡು ಮಾತನ್ನೂ ಕೇಳಿಸಿಕೊಂಡು ಸರದಿಯ ಸಾಲಿನಲ್ಲಿ ನಿಂತವರೂ ಇರಬಹುದು, ನಿಲ್ಲಬಾರದೆಂದೇನೂ ಇಲ್ಲ.

ಲೆಕ್ಕ ತಿದ್ದುವುದಕ್ಕಿಂತ ಕಷ್ಟದ ಕೆಲಸ ಹೆಸರು ತೆಗೆಯುವುದು. 1969ರಲ್ಲಿ ಪೋಪ್ ಆರನೇ ಪೌಲ್ ಸಂತರ ಪಟ್ಟಿಯನ್ನು ಪರಿಷ್ಕರಿಸಿದಾಗ, ಚರಿತ್ರೆಯ ಆಧಾರ ಸಾಲದೆಂದು ಅಲೆಕ್ಸಾಂಡ್ರಿಯಾದ ಕ್ಯಾಥರೀನ್ (ನವೆಂಬರ್ 25), ಗಣಿ ಕೆಲಸಗಾರರ ರಕ್ಷಕಿ ಬಾರ್ಬರಾ (ಡಿಸೆಂಬರ್ 4) ಇಬ್ಬರ ಹಬ್ಬವೂ ಸಾರ್ವತ್ರಿಕ ಕ್ಯಾಲೆಂಡರಿನಿಂದ ಹೋಯಿತು. ಸುರಂಗಕ್ಕೆ ಇಳಿಯುವ ಮುನ್ನ ಬಾರ್ಬರಾಳನ್ನು ನೆನೆಯುತ್ತಿದ್ದವನು ಆಧಾರ ಕೇಳಿದವನಲ್ಲ. ಆದರೂ ಸಾವಿರ ವರ್ಷ ನಂಬಿದ್ದನ್ನು ತಾನಾಗಿಯೇ ಪರೀಕ್ಷೆಗೆ ಒಡ್ಡುವುದಕ್ಕೆ ಎದೆಗಾರಿಕೆ ಬೇಕು, ಅದನ್ನು ಮೆಚ್ಚಲೇಬೇಕು. ಕ್ಯಾಥರೀನ್ 2002ರಲ್ಲಿ ಐಚ್ಛಿಕ ಸ್ಮರಣೆಯಾಗಿ ಮರಳಿದಳು. ಬಾರ್ಬರಾ ಮರಳಿಲ್ಲ.

ವಿಜ್ಞಾನಿಗಳಿಗೂ ಈ ತಿಂಗಳುಗಳಲ್ಲಿ ಪಾಲುಂಟು. ನವೆಂಬರ್ 15 ಮಹಾ ಆಲ್ಬರ್ಟರದು. ಗಿಡ, ಪ್ರಾಣಿ, ಖನಿಜಗಳನ್ನು ಕಣ್ಣಾರೆ ಕಂಡು ಬರೆದ ಇವರು 1280ರಲ್ಲಿ ತೀರಿಕೊಂಡರು. 1941ರಲ್ಲಿ ವಿಜ್ಞಾನಿಗಳ ರಕ್ಷಕ ಸಂತರೆಂದು ಘೋಷಿತರಾದರು. ಇನ್ನೊಬ್ಬರು ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ. ಬಂಡೆಯೊಳಗೆ ಸಿಗುತ್ತಿದ್ದ ‘ಕಲ್ಲಿನ ನಾಲಿಗೆ’ಗಳು ಶಾರ್ಕ್ ಮೀನಿನ ಹಲ್ಲುಗಳೆಂದು ಗುರುತಿಸಿ, ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ಭೂವಿಜ್ಞಾನದ ಮೊದಲ ಪಾಠವನ್ನು 1669ರಲ್ಲಿ ಬರೆದವರು. ಆಮೇಲೆ ಬಿಷಪ್ ಆದರು. 1988ರಲ್ಲಿ ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನ ಧನ್ಯ ಪದವಿ ಸಿಕ್ಕಿತು.

ಸ್ಟೆನೊ 1686ರಲ್ಲಿ ತೀರಿಕೊಂಡದ್ದು ಜರ್ಮನಿಯ ಶ್ವೆರಿನ್ ಊರಿನಲ್ಲಿ. ಅಲ್ಲಿನ್ನೂ ಹಳೆಯ ಕ್ಯಾಲೆಂಡರ್. ಅಲ್ಲಿನ ಗೋಡೆಯ ಮೇಲೆ ನವೆಂಬರ್ 25, ರೋಮಿನಲ್ಲಿ ಡಿಸೆಂಬರ್ 5. ಸ್ಮರಣೆ ಹೊಸ ಲೆಕ್ಕದಂತೆ ಡಿಸೆಂಬರ್ 5ಕ್ಕೆ ನಿಂತಿತು. ಅದೇ ತಿದ್ದುಪಡಿ ಹಾಕಿದರೆ ಕ್ಸೇವಿಯರರ ಹಬ್ಬ ಡಿಸೆಂಬರ್ 13ಕ್ಕೆ ಬರಬೇಕು. ಗೋವಾದಲ್ಲಿ ಅದು ಇಂದಿಗೂ ಮೂರನೇ ತಾರೀಖೇ.