ನಾಯಿಬಂಡಿ ಹತ್ತುವ ಮುನ್ನ

ಉತ್ತರಧ್ರುವವೃತ್ತದ ಆಚೆಯ ಹಿಮಾರಣ್ಯಕ್ಕೆ ಹೋಗಿ, ನಾಯಿಗಳು ಎಳೆಯುವ ಜಾರುಬಂಡಿಯ ಮೇಲೆ ನಾಲ್ಕೈದು ದಿನ ಸಂಚರಿಸಿ ಬರುವ ಹವ್ಯಾಸ ಈಗ ನಮ್ಮ ಪಟ್ಟಣಿಗರಿಗೂ ಹತ್ತಿದೆ. ಸಂತೋಷವೇ. ಫಿನ್ಲೆಂಡಿನ ಇನಾರಿಗೋ, ನಾರ್ವೆಯ ಟ್ರೋಮ್ಸೋಗೋ ಹೋಗಿಬರುವವರನ್ನು ಕಂಡು ಕರುಬುವವರ ಗುಂಪಿಗೆ ನಾನು ಸೇರಿದವನಲ್ಲ. ನನ್ನ ಜಗಳವೆಲ್ಲ ಅವರು ಹೊರಡುವ ಮುನ್ನ ಮಾಡಿಕೊಳ್ಳುವ ಸಿದ್ಧತೆಯೊಡನೆ. ಅಂಗಡಿಗೆ ಹೋಗುವುದಕ್ಕೇ ಸಿದ್ಧತೆಯೆಂಬ ಹೆಸರು ಯಾವಾಗ ಬಂತೋ ತಿಳಿಯದು.

ಪರಿಚಿತರೊಬ್ಬರು ತಮ್ಮ ಪಟ್ಟಿಯನ್ನು ಮೊನ್ನೆ ನನಗೆ ತೋರಿಸಿದರು. ಎರಡು ದಪ್ಪ ಕೋಟು, ಮೂರು ಬಗೆಯ ಕೈಗವಸು, ಬೂಟು, ಕನ್ನಡಕ, ಕ್ಯಾಮರಾಕ್ಕೆ ಬೇಕಾದ ಸರಂಜಾಮು. ಅದರಲ್ಲಿ ಮುಕ್ಕಾಲುಪಾಲು ಅನಾವಶ್ಯಕ. ಹೊರಮೈಯ ದಪ್ಪ ಉಡುಪನ್ನೂ ಬೂಟನ್ನೂ ಅಲ್ಲಿಯ ಸಂಸ್ಥೆಗಳಲ್ಲಿ ಬಹುಪಾಲು ತಾವೇ ಕೊಡುತ್ತವೆ. ಕೊಂಡೊಯ್ಯಬೇಕಾದದ್ದು ಮೈಗೆ ಅಂಟಿ ಕೂರುವ ಉಣ್ಣೆಯ ಒಳಉಡುಪು. ಅದು ಮಾತ್ರ ಅವರ ಪಟ್ಟಿಯಲ್ಲಿ ಇರಲಿಲ್ಲ! ಹತ್ತಿಯ ಬನಿಯನ್ನು ಡಜನ್ನುಗಟ್ಟಲೆ ಇತ್ತು. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬಂಡಿ ನಿಂತ ಹತ್ತು ನಿಮಿಷದಲ್ಲಿ ಆ ಒದ್ದೆ ಬಟ್ಟೆ ಮೈಯ ಶಾಖವನ್ನೆಲ್ಲ ಕಸಿದುಬಿಡುತ್ತದೆ. ಸೊನ್ನೆಯಿಂದ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗೆ ಇದು ಬರಿಯ ಅನಾನುಕೂಲದ ಮಾತಲ್ಲ. ಬಿಗಿಯಾದ ಬೂಟಿನೊಳಗೆ ಎರಡೆರಡು ಜೊತೆ ಕಾಲುಚೀಲ ತುರುಕುವುದೂ ಹಾಗೆಯೇ. ಪಾದವನ್ನು ಬೆಚ್ಚಗಿಡುವುದು ರಕ್ತಸಂಚಾರವೂ ನಡುವೆ ನಿಲ್ಲುವ ಗಾಳಿಯೂ; ಬೂಟು ಬಿಗಿಯಾದರೆ ಎರಡೂ ಹೋದವು.

ಇರಲಿ, ಬಟ್ಟೆಯ ಮಾತು ಸಾಕು. ಯಾವ ಸಂಸ್ಥೆಯೂ ಎರವಲು ಕೊಡಲಾರದ ವಸ್ತು ಒಂದಿದೆ. ಅದು ಕಾಲಿನ ಕಸುವು. ಮಾರ್ಗದರ್ಶಿ ಇದ್ದಾನೆಂದ ಮಾತ್ರಕ್ಕೆ ನಾವು ಕಂಬಳಿ ಹೊದ್ದು ಕುಳಿತಿರಬಹುದೆಂದು ಬಹಳ ಜನ ತಿಳಿದಿದ್ದಾರೆ. ಅರ್ಧ ಗಂಟೆಯ ಸವಾರಿಗೆ ಅದು ನಿಜ. ಹಲವು ದಿನಗಳ ಸಂಚಾರದಲ್ಲಿ ಪ್ರತಿಯೊಬ್ಬನಿಗೂ ನಾಲ್ಕು ಇಲ್ಲವೆ ಐದಾರು ನಾಯಿಗಳ ಒಂದು ಬಂಡಿಯನ್ನು ಒಪ್ಪಿಸುತ್ತಾರೆ. ಹಿಂದಿನ ಹಲಗೆಗಳ ಮೇಲೆ ನಿಂತು, ಇಳಿಜಾರಿನಲ್ಲಿ ಬ್ರೇಕು ತುಳಿದು, ಬಂಡಿ ಮುಂದಿನ ನಾಯಿಗಳ ಕಾಲಿಗೆ ತಾಗದಂತೆ ನೋಡಿಕೊಳ್ಳುವುದು ಅವನ ಹೊಣೆ. ಏರು ಬಂದಾಗ ಒಂದು ಕಾಲಿನಿಂದ ನೆಲವನ್ನು ಒದ್ದು ನೂಕಬೇಕು; ಏರು ಕಡಿದಾದರೆ ಇಳಿದು ಓಡಬೇಕು. ಎತ್ತಿನ ಗಾಡಿ ಹೊಡೆದ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿಣ್ಣೆ ಬಂದಾಗ ಗಾಡಿಯ ಮೇಲೆ ಕುಳಿತೇ ಇದ್ದವನನ್ನು ಊರೇ ಆಡಿಕೊಳ್ಳುತ್ತಿತ್ತು. ಇನ್ನೊಂದು ನಿಯಮವಿದೆ: ಬಿದ್ದರೂ ಹಿಡಿಯನ್ನು ಬಿಡಕೂಡದು. ಓಟಕ್ಕೆ ಹುಟ್ಟಿದ ನಾಯಿಗಳು ಸವಾರ ಬಿದ್ದನೆಂದು ನಿಲ್ಲುವುದಿಲ್ಲ, ತನ್ನ ನಾಯಿಗಳನ್ನು ಹಿಡಿದು ನಿಂತ ಮಾರ್ಗದರ್ಶಿಯೂ ಓಡಿಬರಲಾರ.

ಆ ನಾಯಿಗಳಾದರೋ ಶರತ್ಕಾಲದಲ್ಲಿ ಹಿಮ ಬೀಳುವ ಮುನ್ನವೇ ಗಾಲಿಯ ಬಂಡಿಗಳನ್ನು ಎಳೆದು ಮೈ ಹದಮಾಡಿಕೊಂಡಿರುತ್ತವೆ. ನಾವು ಮಹಡಿಯ ಮೆಟ್ಟಿಲು ಹತ್ತುವುದಕ್ಕೂ ಬೇಸರಪಟ್ಟು, ಫೆಬ್ರವರಿಯಲ್ಲಿ ವಿಮಾನ ಇಳಿದು, ನಮ್ಮ ಎಪ್ಪತ್ತೆಂಬತ್ತು ಕಿಲೋ ತೂಕವನ್ನು ಇಪ್ಪತ್ತೈದು ಕಿಲೋ ತೂಗುವ ಪ್ರಾಣಿಗಳ ಮೇಲೆ ಹೇರುತ್ತೇವೆ. ಮೂರು ತಿಂಗಳ ಕಾಲ ದಿನವೂ ಬೆಳಗ್ಗೆ ಓಡಿರಿ ಎಂದರೆ ಅದೇನು ದೊಡ್ಡ ತಪಸ್ಸೆ?

ನಿಜವಾದ ಸಿದ್ಧತೆ ಏನೆಂಬುದನ್ನು ಕಾಣಬೇಕಾದರೆ ಆಮುಂಡ್‌ಸೆನ್ನನನ್ನು ನೋಡಬೇಕು. 1903ರಿಂದ 1905ರವರೆಗೆ ಕೆನಡದ ಕಿಂಗ್ ವಿಲಿಯಂ ದ್ವೀಪದಲ್ಲಿ ಹಡಗು ನಿಲ್ಲಿಸಿಕೊಂಡು, ನೆಟ್ಸಿಲಿಕ್ ಇನುಯಿಟರ ನಡುವೆ ಎರಡು ಚಳಿಗಾಲ ಕಳೆದು, ತೊಗಲುಡುಪು ತೊಡುವುದನ್ನೂ ನಾಯಿ ಓಡಿಸುವುದನ್ನೂ ಆತ ಕಲಿತ. 1911ರ ಡಿಸೆಂಬರಿನಲ್ಲಿ ದಕ್ಷಿಣಧ್ರುವ ಮುಟ್ಟಿದ್ದು ಆ ಪಾಠದ ಬಲದಿಂದ. (ಹೊರಟ 52 ನಾಯಿಗಳಲ್ಲಿ ಹಿಂದಿರುಗಿದವು 11; ಉಳಿದವುಗಳಲ್ಲಿ ಬಹಳಷ್ಟನ್ನು ಕೊಂದು ಆಹಾರಕ್ಕೆ ಬಳಸಿದರು. ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಆದರೆ ಕಲಿಯಲು ಆತ ತೋರಿದ ವಿನಯವನ್ನು ಅಲ್ಲಗಳೆಯಲಾರೆ.)

ನಾವು ಕಲಿಯುವುದಾದರೂ ಯಾರಿಂದ? ಜಾಹೀರಾತಿನಿಂದ. ಲ್ಯಾಪ್‌ಲೆಂಡಿನ ನಾಯಿಬಂಡಿಯನ್ನು ಆ ನೆಲದ ಪುರಾತನ ಸಂಪ್ರದಾಯವೆಂದು ಬಣ್ಣಿಸುವ ಜಾಹೀರಾತುಗಳಿಗೆ ಕೊರತೆಯಿಲ್ಲ. ಇದು ಸುಳ್ಳು. ಅಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರ ಬಂಡಿಯನ್ನು ಎಳೆದದ್ದು ಹಿಮಸಾರಂಗ. ಅವರ ನಾಯಿ ಮಂದೆ ಕಾಯುವ ನಾಯಿ. ಹಸ್ಕಿಗಳು ಬಂದದ್ದು ಹೊರಗಿನಿಂದ, ಹೆಚ್ಚಿದ್ದು ಪ್ರವಾಸಿಗಳ ದುಡ್ಡಿನಿಂದ. ತಮ್ಮ ಹೆಸರನ್ನು ಹೀಗೆ ಮಾರುವುದು ಮಿತಿಮೀರಿದಾಗ, ಫಿನ್ಲೆಂಡಿನ ಸಾಮಿ ಸಂಸತ್ತು 2018ರಲ್ಲಿ ಪ್ರವಾಸೋದ್ಯಮಕ್ಕೆ ನೀತಿಸೂತ್ರಗಳನ್ನೇ ರಚಿಸಬೇಕಾಯಿತು. ನಾಯಿಬಂಡಿ ನಿಜವಾಗಿಯೂ ಬಾಳಿನ ಆಧಾರವಾಗಿದ್ದದ್ದು ಇನುಯಿಟರಿಗೆ. 1950 ಮತ್ತು 60ರ ದಶಕಗಳಲ್ಲಿ ಅವರ ನಾಯಿಗಳನ್ನು ಪೊಲೀಸರೂ ಅಧಿಕಾರಿಗಳೂ ಗುಂಡಿಟ್ಟು ಕೊಂದುದಕ್ಕೆ ಕೆನಡ ಸರ್ಕಾರ ಬಾಫಿನ್ ಪ್ರದೇಶದವರ ಕ್ಷಮೆ ಕೇಳಿದ್ದು 2019ರಲ್ಲಿ, ನುನಾವಿಕ್‌ನವರ ಕ್ಷಮೆ ಕೇಳಿದ್ದು 2024ರಲ್ಲಿ. ಯಾವ ಬಣ್ಣದ ಕರಪತ್ರದಲ್ಲಿ ಇದನ್ನು ಓದಿದ್ದೀರಿ?

ಮೂಕಪ್ರಾಣಿಗಳಿಂದ ಬಂಡಿ ಎಳೆಸುವುದೇ ಪಾಪ, ಹೋಗುವುದೇ ತಪ್ಪು ಎನ್ನುವ ದಯಾಳುಗಳೂ ಇದ್ದಾರೆ. ಅವರ ಮಾತನ್ನು ನಾನು ಪೂರ್ತಿ ಒಪ್ಪೆ. ಹೊರಡುವ ಮುನ್ನ ಆ ನಾಯಿಗಳು ಹಗ್ಗ ಜಗ್ಗಿ, ನೆಗೆದು, ಊಳಿಟ್ಟು ಮಾಡುವ ಗಲಾಟೆಯೂ, ಬಂಡಿ ಸಾಗಿದೊಡನೆ ಕವಿಯುವ ಮೌನವೂ ಬಲವಂತದ ದುಡಿಮೆಯ ಲಕ್ಷಣಗಳಲ್ಲ. ಆದರೆ ಓಟದ ಸುಖ ಒಂದು, ವ್ಯಾಪಾರದ ಲೆಕ್ಕ ಇನ್ನೊಂದು. 2010ರಲ್ಲಿ ವ್ಯಾಂಕೂವರಿನ ಚಳಿಗಾಲದ ಒಲಿಂಪಿಕ್ಸ್ ಮುಗಿದು ಗಿರಾಕಿ ಇಳಿದಾಗ ಬ್ರಿಟಿಷ್ ಕೊಲಂಬಿಯದ ಒಂದು ಕಡೆ ಬಂಡಿನಾಯಿಗಳನ್ನು ಸಾಮೂಹಿಕವಾಗಿ ಕೊಂದು ಹೂಳಿದರು. ಮರುವರ್ಷ ಸುದ್ದಿ ಹೊರಬಿದ್ದು, ಅಗೆದಾಗ ಐವತ್ತಕ್ಕೂ ಮಿಕ್ಕ ಕಳೇಬರಗಳು ಸಿಕ್ಕವು. ಆ ಪ್ರಾಂತ್ಯ ಬಂಡಿನಾಯಿಗಳ ಪಾಲನೆಗೆ ನಿಯಮ ಮಾಡಿದ್ದು 2012ರಲ್ಲಿ, ಅದಾದ ಮೇಲೆ.

ಆದುದರಿಂದ ಮುಂಗಡ ಕಳಿಸುವ ಮುನ್ನ ಕೋಟಿನ ಅಳತೆಯನ್ನು ಬಿಟ್ಟು ಬೇರೆ ಕೆಲವನ್ನು ಕೇಳಿ. ಬೇಸಿಗೆಯಲ್ಲಿ ಈ ನಾಯಿಗಳು ಏನು ಮಾಡುತ್ತವೆ? ದಿನಕ್ಕೆ ಎಷ್ಟು ಸುತ್ತು, ವಾರಕ್ಕೆ ಎಷ್ಟು ದಿನ ಬಿಡುವು? ಸೊನ್ನೆಗಿಂತ ಮೇಲೆ ಉಷ್ಣ ಏರಿದಾಗಲೂ ಓಡಿಸುತ್ತೀರಾ? (ಆ ದಪ್ಪ ತುಪ್ಪಳದ ಪ್ರಾಣಿಗೆ ಚಳಿಗಿಂತ ಸೆಕೆಯೇ ಕಂಟಕ.) ಹತ್ತು ವರ್ಷ ತುಂಬಿ ಎಳೆಯಲಾರದ ನಾಯಿ ಎಲ್ಲಿದೆ, ಅದನ್ನು ನಾನು ನೋಡಬಹುದೆ? ಒಳ್ಳೆಯ ಒಡೆಯ ಈ ಪ್ರಶ್ನೆಗೆ ಸಿಡುಕುವುದಿಲ್ಲ. ಮುದಿ ನಾಯಿಯ ಹೆಸರು ಹೇಳಿ, ಅದು ಯಾರ ಮನೆಯ ಒಲೆಯ ಮುಂದೆ ಮಲಗಿದೆಯೆಂದು ತಿಳಿಸುತ್ತಾನೆ. ಉತ್ತರದಲ್ಲಿ ಉತ್ತರಧ್ರುವಪ್ರಭೆಯ ವರ್ಣನೆಯೂ ರಾತ್ರಿಯ ಊಟದ ಪಟ್ಟಿಯೂ ಬಂದರೆ, ನಾನಾದರೆ ಹಣವನ್ನು ಬ್ಯಾಂಕಿನಲ್ಲೇ ಇಟ್ಟುಕೊಳ್ಳುತ್ತೇನೆ.