ಕಲಿಸದೆಯೇ ಅನರ್ಹರೆಂದರೆ ಹೇಗೆ?

ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ನ ಹೊಸ ಇಮ್ಯುನೋಥೆರಪಿ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲೇ ಇರಲಿ, ಸಣ್ಣ ಊರಿನ ಕ್ಯಾನ್ಸರ್ ಕ್ಲಿನಿಕ್‌ಗಳಿಗೆ ಅದು ನಿಭಾಯಿಸಲಾಗದ್ದು ಎಂದು ಕಳೆದ ಸಂಚಿಕೆಯ ಲೇಖನ ತೀರ್ಪು ಕೊಟ್ಟಿದೆ. ಅಪಾಯ ಸುಳ್ಳಲ್ಲ. ಇಂಥ ಔಷಧಗಳಲ್ಲೊಂದಾದ, 2022ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿದ ಟೆಕ್ಲಿಸ್ಟಮ್ಯಾಬ್‌ನ ಅಧ್ಯಯನದಲ್ಲಿ ಶೇ. 72ರಷ್ಟು ರೋಗಿಗಳಿಗೆ ಸೈಟೊಕೈನ್ ರಿಲೀಸ್ ಸಿಂಡ್ರೋಮ್ (ರೋಗನಿರೋಧಕ ವ್ಯವಸ್ಥೆಯ ಅತಿಪ್ರತಿಕ್ರಿಯೆ) ಬಂದಿತ್ತು. ಆದರೆ ಹೆಚ್ಚುಕಡಿಮೆ ಎಲ್ಲವೂ ತೀವ್ರವಲ್ಲದ ಒಂದು, ಎರಡನೇ ದರ್ಜೆಯವು. ಬಹುಪಾಲು ಮೊದಲ ಡೋಸ್‌ಗಳಲ್ಲೇ ಬಂದು ಹೋದವು. ಲೇಖಕರು ಮೊದಲರ್ಧ ಹೇಳಿ ಉಳಿದರ್ಧ ನುಂಗಿದ್ದಾರೆ.

ಈ ಔಷಧಗಳ ಇನ್ನೊಂದು ಅಪಾಯವಾದ ನರಮಂಡಲದ ತೊಂದರೆ ಪತ್ತೆಹಚ್ಚುವ ಪರೀಕ್ಷೆ ಹೇಗಿರುತ್ತದೆ ನೋಡಿ. ಇದು ಯಾವ ವರ್ಷ, ಯಾವ ತಿಂಗಳು, ಯಾವ ಊರು ಎಂದು ಕೇಳಬೇಕು. ಮೂರು ವಸ್ತು ತೋರಿಸಿ ಹೆಸರು ಹೇಳಿಸಬೇಕು. ನೂರರಿಂದ ಹತ್ತತ್ತು ಕಳೆಯುತ್ತಾ ಎಣಿಸಲು ಹೇಳಬೇಕು. ಒಂದು ವಾಕ್ಯ ಬರೆಸಬೇಕು. ನಿನ್ನೆಯ ಬರಹಕ್ಕಿಂತ ಇಂದಿನದು ಸೊಟ್ಟಗಾದರೆ ಎಚ್ಚರ. ಹತ್ತಕ್ಕೆ ಅಂಕ. ತರಬೇತಾದ ನರ್ಸ್ ಇದನ್ನು ನಿಮಿಷಗಳಲ್ಲಿ ಮುಗಿಸುತ್ತಾರೆ, ಪ್ರೊಫೆಸರೇ ಬರಬೇಕಿಲ್ಲ.

ನಿಜವಾದ ತೊಡಕು ಬೇರೆಡೆ ಇದೆ. ರಾತ್ರಿ ಎರಡಕ್ಕೆ ಜ್ವರ ಬಂದ ರೋಗಿ ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗುತ್ತಾನೆ. ಅಲ್ಲಿನ ವೈದ್ಯರಿಗೆ ಈ ಔಷಧದ ಹೆಸರೇ ಗೊತ್ತಿಲ್ಲದಿದ್ದರೆ? ಸೈಟೊಕೈನ್ ರಿಲೀಸ್ ಸಿಂಡ್ರೋಮ್‌ಗೆ ಕೊಡುವ ಟೊಸಿಲಿಜುಮ್ಯಾಬ್ ಫಾರ್ಮಸಿಯಲ್ಲಿ ಇಲ್ಲದಿದ್ದರೆ? ತರಬೇತಿ ಕ್ಯಾನ್ಸರ್ ತಜ್ಞರ ಹತ್ತಿರವೇ ನಿಲ್ಲಬಾರದು. (ಊಟಸಹಿತ ಸ್ಲೈಡ್ ಪ್ರದರ್ಶನವನ್ನು ನಾನು ತರಬೇತಿ ಎನ್ನುವುದಿಲ್ಲ.)

ಡೋಸ್ ಏರಿಸುವ ಮೊದಲ ದಿನಗಳು ದೊಡ್ಡ ಆಸ್ಪತ್ರೆಯಲ್ಲಿ ಕಳೆಯಲಿ, ತಕರಾರಿಲ್ಲ. ಆಮೇಲಿನ ಇಂಜೆಕ್ಷನ್‌ಗೂ, ತಿಂಗಳುಗಟ್ಟಲೆ ಕಾಡುವ ಸೋಂಕಿನ ನಿಗಾಕ್ಕೂ ಎಪ್ಪತ್ತು ದಾಟಿದ ರೋಗಿ ಪ್ರತಿಸಲ ಗಂಟೆಗಟ್ಟಲೆ ಕಾರಿನಲ್ಲಿ ಹೋಗಬೇಕೇ? ಹೋಗಲಾಗದವರಿಗೆ ಯಾವ ಚಿಕಿತ್ಸೆ ಎಂಬುದನ್ನು ಲೇಖಕರು ಹೇಳಲೇ ಇಲ್ಲ.